ಉದ್ಯಾನದ ಆ ಮೂಲೆಯನ್ನು ಹಾಗೆಯೇ ಬಿಡಿ

ಸಂಪಾದಕರಿಗೆ,

ಮಾನ್ಯರೇ,

ನಾನು ತುಮಕೂರಿನಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು. ನಿವೃತ್ತಿಯ ನಂತರ ದಿನವೂ ಬೆಳಿಗ್ಗೆ ಆರು ಗಂಟೆಗೆ ನಮ್ಮ ಬಡಾವಣೆಯ ಸಾರ್ವಜನಿಕ ಉದ್ಯಾನಕ್ಕೆ ಹೋಗುತ್ತೇನೆ. ಸುಮಾರು ಎರಡು ಎಕರೆಯ ಆ ಉದ್ಯಾನದ ಪೂರ್ವ ದಿಕ್ಕಿಗೆ ಹಳೆಯದೊಂದು ರಾಜಕಾಲುವೆ ಹಾದುಹೋಗುತ್ತದೆ. ಕಾಲುವೆಯ ದಂಡೆಗೆ ಹೊಂದಿಕೊಂಡಂತೆ ಹೊಂಗೆ, ಬೇವು, ಒಂದು ದೊಡ್ಡ ಅತ್ತಿಮರ, ನಾಲ್ಕಾರು ಈಚಲು, ಎಕ್ಕದ ಗಿಡಗಳು ಮತ್ತು ಆಳೆತ್ತರದ ಹುಲ್ಲು ತಾವಾಗಿಯೇ ಬೆಳೆದುಕೊಂಡ ಒಂದು ಮೂಲೆಯಿದೆ. ಈ ಬೇಸಿಗೆಯೊಳಗೆ ಆ ಮೂಲೆಯನ್ನು ‘ಸ್ವಚ್ಛ’ಗೊಳಿಸಿ, ಅಲ್ಲಿ ಹುಲ್ಲುಹಾಸು, ಸಾಲು ಪಾಮ್ ಗಿಡ, ಬಣ್ಣದ ದೀಪದ ಕಾರಂಜಿ ಮತ್ತು ಸೆಲ್ಫಿ ತೆಗೆದುಕೊಳ್ಳಲು ಒಂದು ಕಟ್ಟೆಯನ್ನು ನಿರ್ಮಿಸುವ ಆಲೋಚನೆ ಇದೆಯೆಂದು ನಿವಾಸಿಗಳ ಸಭೆಯಲ್ಲಿ ತಿಳಿಸಲಾಯಿತು. ಸಭೆಯಲ್ಲಿದ್ದ ಬಹುತೇಕರು ಚಪ್ಪಾಳೆ ತಟ್ಟಿದರು. ಅವರ ಸಂತೋಷ ನನಗೆ ಅರ್ಥವಾಗುತ್ತದೆ. ಆದರೂ ಆ ಮೂಲೆಯ ಪರವಾಗಿ ಮಾತನಾಡುವವರು ಯಾರೂ ಇಲ್ಲದಿದ್ದರಿಂದ, ಅಲ್ಲಿ ಏನೇನಿದೆ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ನಗರದ ಜನರ ಮುಂದಿಡಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಕಳೆದ ವರ್ಷದ ಒಂದು ಘಟನೆಯನ್ನು ಹೇಳಬೇಕು. ಉದ್ಯಾನದ ನಡುವಿನ ಗುಲ್‌ಮೊಹರ್ ಮರದ ಒಂದು ಕೊಂಬೆ ಎರಡು ಮಳೆಗಾಲದ ಹಿಂದೆಯೇ ಒಣಗಿತ್ತು. ಜನವರಿ ಕೊನೆಯ ಹೊತ್ತಿಗೆ ಅದರ ತಳಭಾಗದಲ್ಲಿ ಒಂದು ಸಣ್ಣ ಗುಂಡನೆಯ ರಂಧ್ರ ಕಾಣಿಸಿತು. ಕುಟುರ ಹಕ್ಕಿಗಳ ಗುಂಪಿಗೆ ಸೇರಿದ, ಗುಬ್ಬಿಗಿಂತ ತುಸು ದೊಡ್ಡದಾದ, ಹಸಿರು ಮೈಯ, ಹಣೆಯ ಮೇಲೆ ಕುಂಕುಮವಿಟ್ಟಂತಿರುವ ಕಂಚುಗಾರ ಹಕ್ಕಿಗಳ ಜೋಡಿಯೊಂದು ಅಲ್ಲಿ ಗೂಡು ಕೊರೆಯುತ್ತಿತ್ತು. ಬೇಸಿಗೆಯ ಮಧ್ಯಾಹ್ನ ‘ಟುಕ್ ಟುಕ್ ಟುಕ್’ ಎಂದು ಬಿಡದೆ ಕೂಗುವ, ಕಂಚುಗಾರನ ಸುತ್ತಿಗೆಯ ಸದ್ದನ್ನು ನೆನಪಿಸುವ ಆ ದನಿಯನ್ನು ನಮ್ಮ ಊರಿನವರೆಲ್ಲ ಕೇಳಿದ್ದಾರೆ. ಹಕ್ಕಿಯನ್ನು ಕಂಡವರು ಕಡಿಮೆ. ನಾನು ದಿನವೂ ಆ ಮರದ ಕೆಳಗೆ ಐದು ನಿಮಿಷ ನಿಲ್ಲುತ್ತಿದ್ದೆ. ಒಂದು ಹಕ್ಕಿ ಒಳಗೆ ಹೋಗಿ ಕೆತ್ತಿದ ಮರದ ಹುಡಿಯನ್ನು ಕೊಕ್ಕಿನಲ್ಲಿ ತಂದು ಹೊರಗೆ ಉದುರಿಸುವುದು, ಇನ್ನೊಂದು ಪಕ್ಕದ ರೆಂಬೆಯಲ್ಲಿ ಕಾದಿದ್ದು ತನ್ನ ಸರದಿಗೆ ಒಳಹೋಗುವುದು, ಹೀಗೆ ಎರಡು ವಾರಕ್ಕೂ ಹೆಚ್ಚು ದಿನ ನಡೆಯಿತು. ಕೆಳಗಿನ ಕಲ್ಲುಹಾಸಿನ ಮೇಲೆ ಪ್ರತಿ ಬೆಳಿಗ್ಗೆ ಒಂದು ಹಿಡಿಯಷ್ಟು ಬಿಳಿಯ ಹುಡಿ ಬಿದ್ದಿರುತ್ತಿತ್ತು. ಫೆಬ್ರುವರಿ ಕೊನೆಗೆ ಹುಡಿ ಬೀಳುವುದು ನಿಂತಿತು. ಒಂದು ಹಕ್ಕಿ ಸದಾ ಒಳಗೇ ಇರತೊಡಗಿತು. ಮೊಟ್ಟೆಯಿಟ್ಟಿವೆ ಎಂದು ನಾನು ತಿಳಿದುಕೊಂಡೆ.

ಯುಗಾದಿಗೆ ಮುನ್ನ ಒಣಕೊಂಬೆ ಕತ್ತರಿಸುವ ತಂಡವೊಂದು ಬಂದಿತು. ನಾನು ಅಂದು ಊರಿನಲ್ಲಿರಲಿಲ್ಲ. ಮಾರನೆಯ ಬೆಳಿಗ್ಗೆ ಹೋದಾಗ ಆ ಕೊಂಬೆ ತುಂಡು ತುಂಡಾಗಿ ಗೋಡೆಯ ಬದಿಗೆ ಬಿದ್ದಿತ್ತು. ರಂಧ್ರವಿದ್ದ ತುಂಡನ್ನು ಹುಡುಕಿ ತೆಗೆದೆ. ಒಳಗೆ ಇನ್ನೂ ರೆಕ್ಕೆ ಮೂಡದ, ಕಣ್ಣು ತೆರೆಯದ ಎರಡು ಮರಿಗಳು ಸತ್ತು ಅಂಟಿಕೊಂಡಿದ್ದವು. ಇದನ್ನು ಬರೆಯಲು ನನಗೆ ಕಷ್ಟವಾಗುತ್ತದೆ, ಆದರೆ ಅದಕ್ಕಿಂತ ಕಷ್ಟವಾದದ್ದು ಅನಂತರ ಕಂಡ ದೃಶ್ಯ. ಬಾಯಲ್ಲಿ ಅತ್ತಿಹಣ್ಣಿನ ಚೂರನ್ನು ಕಚ್ಚಿಕೊಂಡು ಬಂದ ಹಕ್ಕಿ, ಕೊಂಬೆಯಿದ್ದ ಜಾಗಕ್ಕೆ ನೇರವಾಗಿ ಹಾರಿ, ಅಲ್ಲಿ ಕುಳಿತುಕೊಳ್ಳಲು ಏನೂ ಇಲ್ಲದೆ ಗಾಳಿಯಲ್ಲಿಯೇ ರೆಕ್ಕೆ ಬಡಿದು, ಹಿಂದಿರುಗಿ ಪಕ್ಕದ ರೆಂಬೆಯಲ್ಲಿ ಕುಳಿತು, ಮತ್ತೆ ಅದೇ ಜಾಗಕ್ಕೆ ಹಾರುತ್ತಿತ್ತು. ನಾನು ನೋಡಿದ ಅರ್ಧ ಗಂಟೆಯಲ್ಲಿ ಏಳೆಂಟು ಬಾರಿ ಹಾಗೆ ಮಾಡಿತು. ಅದರ ಬಾಯಲ್ಲಿದ್ದ ಹಣ್ಣು ಹಾಗೆಯೇ ಇತ್ತು.

ಕೊಂಬೆ ಕಡಿದ ಕಾರ್ಮಿಕರ ಮೇಲೆ ನನ್ನ ದೂರಿಲ್ಲ. ಒಣಗಿದ್ದನ್ನೆಲ್ಲ ತೆಗೆಯಿರಿ ಎಂದು ಅವರಿಗೆ ಹೇಳಲಾಗಿತ್ತು, ಅವರು ತೆಗೆದರು. ಒಣಕೊಂಬೆಯೆಂದರೆ ಕಸ ಎಂದು ನಾವೆಲ್ಲರೂ ತಿಳಿದಿರುವುದೇ ಇಲ್ಲಿನ ತೊಂದರೆ. ಕುಟುರ ಹಕ್ಕಿಗಳ ಕೊಕ್ಕಿಗೆ ಹಸಿಮರದ ಗಟ್ಟಿ ತಿರುಳನ್ನು ಕೊರೆಯುವ ಬಲವಿಲ್ಲ. ಅವಕ್ಕೆ ಅರ್ಧ ಕೊಳೆತು ಮೆತ್ತಗಾದ ಮರವೇ ಬೇಕು. ಅವು ಕೊರೆದು ಬಿಟ್ಟ ಪೊಟರೆಗಳಿಗೆ ಮುಂದಿನ ವರ್ಷ ಬೇರೆ ಒಕ್ಕಲು ಬರುತ್ತದೆ. ಬೆಳಗಿನ ಜಾವ ಮನೆಯ ಮಾಡಿನ ಮೇಲೆ ಕುಳಿತು ಇಂಪಾಗಿ ಹಾಡುವ ಮಡಿವಾಳ ಹಕ್ಕಿ, ಗೊರವಂಕ, ಗಿಳಿ ಇವೆಲ್ಲ ಪೊಟರೆಯಲ್ಲಿಯೇ ಮೊಟ್ಟೆಯಿಡುತ್ತವೆ, ಆದರೆ ಅವುಗಳಲ್ಲಿ ಯಾವುದಕ್ಕೂ ಮರವನ್ನು ಹೊಸದಾಗಿ ಕೊರೆಯಲು ಬಾರದು. ಮರಕುಟಿಗವೋ ಕುಟುರವೋ ಕೊರೆದು ಕೊಟ್ಟರುಂಟು, ಇಲ್ಲವೇ ಮರ ತಾನಾಗಿ ಹಳತಾಗಿ ಟೊಳ್ಳಾದರುಂಟು. ಹಾಲಕ್ಕಿಯ ಪಾಡೂ ಅದೇ. ಬುಡುಬುಡಿಕೆಯವರು ಮನೆಯ ಮುಂದೆ ನಿಂತು ‘ಹಾಲಕ್ಕಿ ನುಡಿತೈತೆ’ ಎಂದು ಶಕುನ ಹೇಳುತ್ತಿದ್ದದ್ದು ನನ್ನ ವಯಸ್ಸಿನವರಿಗೆಲ್ಲ ನೆನಪಿರಬೇಕು. ಆ ಪುಟ್ಟ ಗೂಬೆ ಇಂದಿಗೂ ನಮ್ಮ ಉದ್ಯಾನದ ಹಳೆಯ ಬೇವಿನ ಮರದ ಟೊಳ್ಳಿನಲ್ಲಿ ವಾಸವಾಗಿದೆ ಎಂಬುದು ಆ ಮರದ ಕೆಳಗೆ ಯೋಗ ಮಾಡುವ ಅನೇಕರಿಗೆ ಗೊತ್ತಿಲ್ಲ. ರಾತ್ರಿಯಿಡೀ ಜೀರುಂಡೆ, ಪತಂಗ, ಇಲಿಮರಿಗಳನ್ನು ಹಿಡಿದು ತಿನ್ನುವ ಹಾಲಕ್ಕಿಯ ಜೋಡಿ ಬಡಾವಣೆಗೆ ಎಷ್ಟು ಉಪಕಾರಿ ಎಂಬುದನ್ನು ವಿವರಿಸಬೇಕಾಗಿಲ್ಲ.

ಒಣಗಿದ ಕೊಂಬೆ ಜನರ ತಲೆಯ ಮೇಲೆ ಬೀಳುವ ಅಪಾಯವಿದೆ ಎಂಬುದು ನಿಜ. ನಡೆಯುವ ದಾರಿಯ ಮೇಲೆ, ಮಕ್ಕಳು ಆಡುವ ಜಾಗದ ಮೇಲೆ, ಕಲ್ಲುಬೆಂಚುಗಳ ಮೇಲೆ ಚಾಚಿರುವ ಒಣಕೊಂಬೆಯನ್ನು ತೆಗೆಯಲೇಬೇಕು. ಆ ವಿಷಯದಲ್ಲಿ ನನ್ನ ತಕರಾರಿಲ್ಲ. ಆದರೆ ಅದನ್ನು ತೆಗೆಯುವ ಕಾಲವನ್ನು ನಾವು ಆರಿಸಿಕೊಳ್ಳಬಹುದು. ನಮ್ಮ ಬಯಲುಸೀಮೆಯಲ್ಲಿ ಕುಟುರ, ಗಿಳಿ, ಹಾಲಕ್ಕಿಗಳು ಗೂಡು ಮಾಡುವ ಕಾಲ ಹೆಚ್ಚಾಗಿ ಜನವರಿಯಿಂದ ಮೇ-ಜೂನ್‌ವರೆಗೆ. ಕೊಂಬೆ ಸವರುವ ಕೆಲಸ ಸಾಮಾನ್ಯವಾಗಿ ನಡೆಯುವುದೂ ಅದೇ ತಿಂಗಳುಗಳಲ್ಲಿ. ಇದನ್ನು ಮಳೆಗಾಲ ಕಳೆದ ಮೇಲೆ, ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಿಗೆ ವರ್ಗಾಯಿಸಲು ಒಂದು ರೂಪಾಯಿಯೂ ಹೆಚ್ಚು ಖರ್ಚಾಗುವುದಿಲ್ಲ. ಮುಂಗಾರಿನ ಗಾಳಿಮಳೆಗೆ ಮುನ್ನ ತೆಗೆಯಲೇಬೇಕಾದ ಅಪಾಯದ ಕೊಂಬೆಗಳಿದ್ದರೆ, ಗರಗಸ ಹಚ್ಚುವ ಮೊದಲು ಹತ್ತು ನಿಮಿಷ ಮರದ ಕೆಳಗೆ ನಿಂತು ಮೇಲೆ ನೋಡಿದರೆ ಸಾಕು. ಹಕ್ಕಿ ಬಂದು ಹೋಗುವುದು ಕಂಡೇ ಕಾಣುತ್ತದೆ. ಇದು ಕೇವಲ ಕರುಣೆಯ ಮಾತೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ ಎಂಬ ಪದಕ್ಕೆ ಕೊಟ್ಟಿರುವ ಅರ್ಥದಲ್ಲಿ ಕಾಡುಹಕ್ಕಿಗಳ ಮೊಟ್ಟೆಗಳನ್ನು ಹಾಳುಮಾಡುವುದೂ ಗೂಡಿಗೆ ಭಂಗ ತರುವುದೂ ಸೇರಿದೆ. ಕಾಡುಹಕ್ಕಿಯೆಂದರೆ ಕಾಡಿನಲ್ಲಿರುವ ಹಕ್ಕಿ ಮಾತ್ರ ಎಂದು ಕಾಯ್ದೆ ಹೇಳುವುದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೂ ನಗರದಲ್ಲಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕೆನ್ನುತ್ತದೆ.

ಇನ್ನು ಆ ಮೂಲೆಯ ತರಗೆಲೆಯ ವಿಷಯ. ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಹೊಂಗೆಮರಗಳು ಎಲೆ ಉದುರಿಸಿ, ಯುಗಾದಿಯ ಹೊತ್ತಿಗೆ ಮತ್ತೆ ಹೊಳೆಯುವ ತಿಳಿಹಸಿರು ತಳೆಯುತ್ತವೆ. ಉದ್ಯಾನದ ಉಳಿದ ಭಾಗದಲ್ಲಿ ಉದುರಿದ ಎಲೆಯನ್ನು ದಿನವೂ ಗುಡಿಸಿ, ಒಂದೆಡೆ ಗುಡ್ಡೆ ಹಾಕಿ, ಅನೇಕ ಸಲ ಬೆಂಕಿ ಹಚ್ಚುತ್ತಾರೆ. ವಾಯುವಿಹಾರಕ್ಕೆಂದು ಬಂದ ವೃದ್ಧರು ಆ ಹೊಗೆಯಲ್ಲಿ ಕೆಮ್ಮುತ್ತ ನಡೆಯುವುದನ್ನು ನಾನು ನೋಡಿದ್ದೇನೆ. ಸಾರ್ವಜನಿಕ ಸ್ಥಳದಲ್ಲಿ ತ್ಯಾಜ್ಯ ಸುಡಬಾರದು, ತೋಟದ ಕಸವನ್ನು ಪ್ರತ್ಯೇಕವಾಗಿ ಇರಿಸಬೇಕು ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿಯೇ ಹೇಳಲಾಗಿತ್ತು. ಹೊಂಗೆಯ ಸೊಪ್ಪನ್ನು ಗದ್ದೆಗೆ ತುಳಿಸಿ ಗೊಬ್ಬರ ಮಾಡಿಕೊಂಡ ರೈತರ ಜಿಲ್ಲೆ ನಮ್ಮದು. ಅದೇ ಹೊಂಗೆಯ ಎಲೆಯನ್ನು ನಗರದಲ್ಲಿ ಸುಟ್ಟು, ಗಿಡಗಳಿಗೆ ಹಾಕಲು ಚೀಲದ ಗೊಬ್ಬರ ಕೊಳ್ಳುವುದು ಯಾವ ಲೆಕ್ಕದಲ್ಲಿಯೂ ಸರಿಹೊಂದುವುದಿಲ್ಲ.

ಕಾಲುವೆಯ ಬದಿಯ ಮೂಲೆಗೆ ಪೊರಕೆ ತಲುಪುವುದಿಲ್ಲವಾದ್ದರಿಂದ ಅಲ್ಲಿ ಎಲೆ ಒಂದು ಗೇಣು ದಪ್ಪಕ್ಕೆ ಬಿದ್ದಿದೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಹುಲ್ಲುಹಾಸಿನ ಮಣ್ಣು ಇಟ್ಟಿಗೆಯಂತೆ ಬಿಗಿದಿರುವಾಗ ಆ ಎಲೆಯ ಪದರವನ್ನು ಸರಿಸಿ ಕೈಯಿಟ್ಟರೆ ಕೆಳಗಿನ ಮಣ್ಣು ತಣ್ಣಗೆ, ತೇವವಾಗಿ ಇರುತ್ತದೆ. ಅಲ್ಲಿ ಎರೆಹುಳು, ಸಹಸ್ರಪದಿ, ಗೆದ್ದಲು, ಜೇಡ, ಬಸವನಹುಳು, ಆ ಬಸವನಹುಳುಗಳನ್ನೇ ತಿಂದು ಬದುಕುವ ಮಿಂಚುಹುಳದ ಮರಿಗಳು, ಇವನ್ನೆಲ್ಲ ಹುಡುಕಿಕೊಂಡು ಬರುವ ಓತಿಕ್ಯಾತ, ಹರಟೆಮಲ್ಲ ಹಕ್ಕಿಗಳ ಗುಂಪು, ಕೆಂಗಣ್ಣಿನ ಕೆಂಬೂತ ಎಲ್ಲವೂ ಇವೆ. ನಮ್ಮ ಕಡೆ ಸಂಬಾರಗಾಗೆ ಎಂದು ಕರೆಯುವ ಈ ಕೆಂಬೂತವನ್ನು ಕಂಡರೆ ಒಳ್ಳೆಯದಾಗುತ್ತದೆಂದು ನಮ್ಮ ತಾಯಿ ಹೇಳುತ್ತಿದ್ದರು. ತೋಟಗಳನ್ನು ನುಂಗಿಹಾಕುವ ದೈತ್ಯ ಆಫ್ರಿಕನ್ ಬಸವನಹುಳುವನ್ನು ಒಡೆದು ತಿನ್ನಬಲ್ಲ ಕೆಲವೇ ಹಕ್ಕಿಗಳಲ್ಲಿ ಅದೂ ಒಂದು ಎಂಬುದನ್ನು ನೆನೆದರೆ ಆ ಮಾತು ಹುಸಿಯೆನಿಸುವುದಿಲ್ಲ.

ಎರಡು ವರ್ಷಗಳ ಹಿಂದೆ, ಅಕ್ಟೋಬರ್ ತಿಂಗಳ ಕೊನೆಯ ವಾರದ ಒಂದು ಮುಂಜಾನೆ, ಇದೇ ತರಗೆಲೆಯ ಮೇಲೆ ನಾನು ನವರಂಗವನ್ನು ಕಂಡೆ. ಮೊದಲು ಕೇಳಿಸಿದ್ದು ಒಣ ಎಲೆ ಸರಿದ ಸದ್ದು. ಇಲಿಯಿರಬಹುದೆಂದುಕೊಂಡೆ. ಅನಂತರ ಹೊಂಗೆಯ ನೆರಳಿನಿಂದ ಮೋಟುಬಾಲದ, ಮುಷ್ಟಿಗಾತ್ರದ ಹಕ್ಕಿಯೊಂದು ಕುಪ್ಪಳಿಸುತ್ತ ಹೊರಬಂದಿತು. ಹಸಿರು ಬೆನ್ನು, ರೆಕ್ಕೆಯ ಮೇಲೆ ನೀಲಿಯ ಹೊಳಪು, ಕಣ್ಣಿಗೆ ಕಾಡಿಗೆ ಹಚ್ಚಿದಂತೆ ಕಪ್ಪು ಪಟ್ಟಿ, ಕಂದುಹಳದಿ ಎದೆ, ಹೊಟ್ಟೆಯ ಕೆಳಗೆ ಕೆಂಪು. ಅದು ಕೊಕ್ಕಿನಿಂದ ಒಂದೊಂದೇ ಎಲೆಯನ್ನು ಎತ್ತಿ ಪಕ್ಕಕ್ಕೆ ಎಸೆಯುತ್ತ, ಅಡಿಯಲ್ಲಿದ್ದ ಹುಳುಗಳನ್ನು ಹೆಕ್ಕುತ್ತಿತ್ತು. ನನಗೂ ಅದಕ್ಕೂ ನಡುವೆ ಹತ್ತು ಹೆಜ್ಜೆಯ ದೂರವಿತ್ತು. ಹಿಮಾಲಯದ ತಪ್ಪಲಿನಲ್ಲಿ, ಮಧ್ಯ ಭಾರತದ ಕಾಡುಗಳಲ್ಲಿ ಮರಿಮಾಡಿ, ಚಳಿಗಾಲ ಕಳೆಯಲು ದಕ್ಷಿಣಕ್ಕೆ ಬರುವ ಈ ಹಕ್ಕಿ ರಾತ್ರಿಯ ಹೊತ್ತು ಪ್ರಯಾಣ ಮಾಡಿ, ಬಳಲಿ, ಬೆಳಗಾಗುತ್ತಿದ್ದಂತೆ ಎಲ್ಲಾದರೂ ಇಳಿಯಲೇಬೇಕು. ಇಳಿದಲ್ಲಿ ಅದಕ್ಕೆ ಬೇಕಾಗಿರುವುದು ನೆರಳು ಮತ್ತು ತರಗೆಲೆ. ತುಮಕೂರಿನ ಇಷ್ಟು ದೊಡ್ಡ ವಿಸ್ತಾರದ ನಡುವೆ ಅದು ಆರಿಸಿಕೊಂಡದ್ದು ನಾವು ‘ಗಲೀಜು’ ಎನ್ನುವ ಆ ಅರ್ಧ ಎಕರೆಯನ್ನು. ಮೂರು ದಿನ ಅಲ್ಲಿದ್ದು ಹೊರಟುಹೋಯಿತು. ಮರುವರ್ಷ ಮತ್ತೆ ಬಂದೀತೆಂದು ಕಾದಿದ್ದೆ, ಕಾಣಲಿಲ್ಲ.

ಎಕ್ಕದ ಗಿಡಗಳ ಬಗ್ಗೆಯೂ ಒಂದು ಮಾತು. ರಥಸಪ್ತಮಿಯ ದಿನ ಏಳು ಎಕ್ಕದೆಲೆಗಾಗಿ ಹುಡುಕಾಡುವ ನಾವು ಉಳಿದ ದಿನಗಳಲ್ಲಿ ಅದನ್ನು ಕಳೆಯೆಂದು ಕಿತ್ತೆಸೆಯುತ್ತೇವೆ. ಕಳೆದ ನವೆಂಬರಿನಲ್ಲಿ ಅಕ್ಕಪಕ್ಕದ ಮನೆಯ ಎಂಟು ಮಕ್ಕಳನ್ನು ಕರೆದೊಯ್ದು ಎಕ್ಕದೆಲೆಯ ಅಡಿಯಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಗಳ, ಬೆನ್ನಿನ ಮೇಲೆ ಮೂರು ಜೊತೆ ಕಪ್ಪು ಕೋಡುಗಳಂಥ ಎಳೆಗಳುಳ್ಳ ಕಂಬಳಿಹುಳುವನ್ನು ತೋರಿಸಿದೆ. ಅದು ಎಲೆಯನ್ನು ತಿನ್ನುವ ಮುನ್ನ ನರವನ್ನು ಕಚ್ಚಿ ಹಾಲು ಸೋರಿಹೋಗುವಂತೆ ಮಾಡಿ, ಆಮೇಲೆ ತುದಿಯ ಭಾಗವನ್ನು ತಿನ್ನುವುದನ್ನು ಮಕ್ಕಳು ಬಾಗಿ ನೋಡಿದರು. ಎಕ್ಕದ ವಿಷ ಹುಳುವಿನ ಮೈಸೇರಿ, ಮುಂದೆ ಚಿಟ್ಟೆಯಾದ ಮೇಲೂ ಉಳಿದು, ಒಮ್ಮೆ ರುಚಿ ನೋಡಿದ ಹಕ್ಕಿ ಮತ್ತೆ ಆ ಕೇಸರಿ ಬಣ್ಣದ ಚಿಟ್ಟೆಯ ತಂಟೆಗೆ ಹೋಗುವುದಿಲ್ಲ ಎಂದು ಹೇಳಿದೆ. ಒಂದು ವಾರದ ನಂತರ ಅದು ತಿಳಿಹಸಿರು ಕೋಶವಾಗಿ ಎಲೆಯಡಿ ನೇತಾಡುತ್ತಿತ್ತು. ಕೋಶದ ಮೇಲೆ ಸೂಜಿಮೊನೆಯಷ್ಟು ಚಿನ್ನದ ಚುಕ್ಕಿಗಳು. ಒಬ್ಬ ಹುಡುಗಿ ಒಂಬತ್ತು ದಿನವೂ ಶಾಲೆಗೆ ಹೋಗುವ ಮುನ್ನ ಬಂದು ನೋಡಿಕೊಂಡು ಹೋದಳು. ಚಿಟ್ಟೆ ಹೊರಬಂದ ದಿನ ಅವಳು ನಮ್ಮ ಮನೆಯ ಬಾಗಿಲು ತಟ್ಟಿದ ರೀತಿಯನ್ನು ನಾನು ಮರೆಯಲಾರೆ. ಪಾಠ ಹೇಳಿದ ಅಷ್ಟೂ ವರ್ಷಗಳಲ್ಲಿ ಕಪ್ಪುಹಲಗೆಯ ಮೇಲೆ ಚಿಟ್ಟೆಯ ಜೀವನಚಕ್ರವನ್ನು ಎಷ್ಟು ಬಾರಿ ಬರೆದಿದ್ದೇನೋ ಲೆಕ್ಕವಿಲ್ಲ. ಯಾವ ಮಗುವೂ ಹಾಗೆ ಓಡಿಬಂದು ನನ್ನ ಬಾಗಿಲು ತಟ್ಟಿರಲಿಲ್ಲ.

ಆಳೆತ್ತರದ ಹುಲ್ಲಿನ ಬೀಜ ರಾಟವಾಳ ಹಕ್ಕಿಗಳಿಗೆ ಆಹಾರ. ಮಳೆಗಾಲದಲ್ಲಿ ಅದೇ ಹುಲ್ಲಿನ ಮತ್ತು ಈಚಲು ಗರಿಯ ಎಳೆಗಳನ್ನು ಸೀಳಿಕೊಂಡು ಗಿಜುಗಗಳು ಕಾಲುವೆಯ ಮೇಲೆ ಬಾಗಿದ ಈಚಲಿಗೆ ಗೂಡು ನೇಯುತ್ತವೆ. ಅತ್ತಿಮರ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಹಣ್ಣಾಗಿ, ಬೇರೆ ಮರಗಳು ಬರಿದಾಗಿರುವಾಗಲೂ ಕುಟುರ, ಕೋಗಿಲೆ, ಪಿಕಳಾರ, ಅಳಿಲು, ಬಾವಲಿಗಳನ್ನು ಸಾಕುತ್ತದೆ. ಪಾಮ್ ಗಿಡಗಳ ಸಾಲು ಇವುಗಳಲ್ಲಿ ಹೆಚ್ಚಿನವಕ್ಕೆ ಏನನ್ನೂ ಕೊಡುವುದಿಲ್ಲ. ಹುಲ್ಲುಹಾಸು ಕೇಳುವ ನೀರನ್ನೂ ಯೋಚಿಸಬೇಕು. ಗೊರೂರಿನ ಅಣೆಕಟ್ಟೆಯಿಂದ ಕಾಲುವೆಯಲ್ಲಿ ಹರಿದು ಬುಗುಡನಹಳ್ಳಿ ಕೆರೆಗೆ ಬಂದು, ಅಲ್ಲಿಂದ ಶುದ್ಧಗೊಂಡು ನಮ್ಮ ಮನೆಗಳಿಗೆ ಬರುವ ಹೇಮಾವತಿ ನೀರಿಗಾಗಿ ಬೇಸಿಗೆಯಲ್ಲಿ ನಲ್ಲಿಯ ಮುಂದೆ ಕಾಯುವ ಊರು ನಮ್ಮದು. ನೀರು ಹಾಕದಿದ್ದರೂ ಬದುಕುವ ಹೊಂಗೆ, ಬೇವು, ಈಚಲುಗಳನ್ನು ತೆಗೆದು, ದಿನವೂ ನೀರು ಕುಡಿಯುವ ಹುಲ್ಲನ್ನು ಹಾಸುವುದು ಬಯಲುಸೀಮೆಯ ನೆಲಕ್ಕೆ ಒಪ್ಪುವ ಕೆಲಸವಲ್ಲ.

ಕಾರಂಜಿಯ ಬಣ್ಣದ ದೀಪಗಳು ರಾತ್ರಿಯಿಡೀ ಉರಿಯುವುದಾದರೆ ಅದರ ಪರಿಣಾಮವೂ ಸಣ್ಣದಲ್ಲ. ಮಿಂಚುಹುಳಗಳು ಕತ್ತಲಿನಲ್ಲಿ ಮಿನುಗಿಯೇ ತಮ್ಮ ಜೊತೆಯನ್ನು ಕಂಡುಕೊಳ್ಳಬೇಕು. ಪ್ರಖರವಾದ ಬೆಳಕಿನಲ್ಲಿ ಆ ಸಂಜ್ಞೆ ಕಾಣುವುದಿಲ್ಲ. ಪತಂಗಗಳು ದೀಪಕ್ಕೆ ಮುತ್ತಿ ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುತ್ತವೆ. ದಾರಿಗೆ ಬೇಕಾದಷ್ಟು ದೀಪಗಳು ಕೆಳಮುಖವಾಗಿ ಇರಲಿ, ಉದ್ಯಾನದ ಬಾಗಿಲು ಮುಚ್ಚಿದ ಮೇಲೆ ಕಾಲುವೆಯ ಕಡೆಯವು ಆರಲಿ ಎಂದಷ್ಟೇ ನನ್ನ ಕೋರಿಕೆ.

ಸಭೆಯಲ್ಲಿ ಕೇಳಿಬಂದ ಆಕ್ಷೇಪಗಳಿಗೆ ಉತ್ತರ ಹೇಳದೆ ಈ ಪತ್ರವನ್ನು ಮುಗಿಸಿದರೆ ಅನ್ಯಾಯವಾಗುತ್ತದೆ. ಪೊದೆಯಿದ್ದರೆ ಹಾವು ಬರುತ್ತದೆ ಎಂದರು. ಬರುತ್ತದೆ. ಅಲ್ಲಿ ನಾನು ಮೂರು ಬಾರಿ ಕಂಡದ್ದು ವಿಷವಿಲ್ಲದ, ಇಲಿಗಳನ್ನು ತಿಂದು ಬದುಕುವ ಕೇರೆಹಾವನ್ನು. ನಾಗರವೂ ಬರಬಹುದು. ಆದರೆ ಹಾವನ್ನು ಕರೆತರುವುದು ಇಲಿ, ಇಲಿಯನ್ನು ಕರೆತರುವುದು ನಾವು ಬೇಲಿಯಾಚೆಯಿಂದ ಎಸೆಯುವ ಊಟದ ಕಸ. ಕಾಲುವೆಯ ಬದಿಗೆ ಬೀಳುವ ಆ ಕಸದ ಚೀಲಗಳನ್ನು ನಿಲ್ಲಿಸದೆ ಪೊದೆಯನ್ನು ಮಾತ್ರ ಕಡಿದರೆ ಇಲಿಗಳು ಮನೆಗಳ ಕಡೆಗೆ ನಡೆಯುತ್ತವೆ, ಹಾವುಗಳೂ ಅವುಗಳ ಹಿಂದೆ ಬರುತ್ತವೆ. ಮಕ್ಕಳು ಆಡುವ ಜಾಗಕ್ಕೂ ಆ ಮೂಲೆಗೂ ನಡುವೆ ಹದಿನೈದು ಅಡಿಯಷ್ಟು ಗಿಡ್ಡಹುಲ್ಲಿನ ಬಯಲನ್ನು ಬಿಟ್ಟು, ಸೊಂಟದೆತ್ತರದ ಬೇಲಿ ಹಾಕಿದರೆ ಹೆತ್ತವರ ಭಯಕ್ಕೂ ಪರಿಹಾರ ಸಿಗುತ್ತದೆ. ಸೊಳ್ಳೆಯ ಮಾತೂ ಬಂದಿತು. ಸೊಳ್ಳೆ ಹುಟ್ಟುವುದು ನಿಂತ ನೀರಿನಲ್ಲಿ, ಅದರಲ್ಲಿಯೂ ಡೆಂಗಿ ಹರಡುವ ಸೊಳ್ಳೆ ಹುಟ್ಟುವುದು ಮನೆಯ ಸುತ್ತಲಿನ ಡ್ರಮ್ಮು, ಟೈರು, ತೆಂಗಿನ ಚಿಪ್ಪುಗಳ ತಿಳಿನೀರಿನಲ್ಲಿ. ಒಣ ತರಗೆಲೆಯಲ್ಲಿ ಅಲ್ಲ. ಮಕ್ಕಳು ಏರೋಪ್ಲೇನ್ ಚಿಟ್ಟೆ ಎನ್ನುವ ಕೊಡತಿಕೀಟದ ಮರಿಗಳು ನೀರಿನಲ್ಲಿದ್ದಾಗ ಸೊಳ್ಳೆಮರಿಗಳನ್ನೂ, ರೆಕ್ಕೆ ಬಂದ ಮೇಲೆ ಹಾರುವ ಸೊಳ್ಳೆಗಳನ್ನೂ ತಿನ್ನುತ್ತವೆ. ಪೊದೆಯ ಮರೆಯಲ್ಲಿ ಕುಡುಕರು ಸೇರುತ್ತಾರೆಂಬ ಮೂರನೆಯ ಆಕ್ಷೇಪವನ್ನು ಮಾತ್ರ ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಸಂಜೆ ಹೆಣ್ಣುಮಕ್ಕಳು ಆ ಕಡೆ ನಡೆಯಲು ಅಂಜುತ್ತಾರೆ ಎಂಬುದು ಸಣ್ಣ ಮಾತಲ್ಲ. ಅದಕ್ಕೆ ಬೇಕಾದದ್ದು ಬೇಲಿ, ಬೀಗ ಮತ್ತು ರಾತ್ರಿ ಕಾವಲುಗಾರ. ಕಾರಂಜಿಗೆ ತೆಗೆದಿಟ್ಟ ಹಣದಲ್ಲಿ ಇವು ಮೂರೂ ಆಗುತ್ತವೆಂದು ನನ್ನ ನಂಬಿಕೆ.

ಪಾರಿವಾಳಗಳಿಗೆ ದಿನವೂ ಕಾಳು ಚೆಲ್ಲುವ ಹಿರಿಯರಲ್ಲಿಯೂ ಒಂದು ಬಿನ್ನಹ. ನಿಮ್ಮ ದಯೆಯನ್ನು ನಾನು ಗೌರವಿಸುತ್ತೇನೆ, ಆದರೆ ಹಾಗೆ ಸಾಕಿದ ಪಾರಿವಾಳಗಳ ಸಂಖ್ಯೆ ಮಿತಿಮೀರಿ ಉಳಿದ ಹಕ್ಕಿಗಳಿಗೆ ಎಡೆಯಿಲ್ಲದಂತಾಗುತ್ತದೆ, ಅವುಗಳ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೆಡುಕು. ಅದೇ ದುಡ್ಡಿಗೆ ಒಂದು ನೇರಳೆಯೋ ಬಸರಿಯೋ ನೆಟ್ಟು ನೀರೆರೆದರೆ ನಿಮ್ಮ ಮೊಮ್ಮಕ್ಕಳ ಕಾಲದವರೆಗೂ ಹಕ್ಕಿಗಳಿಗೆ ಊಟವಿರುತ್ತದೆ.

ನಗರಕ್ಕೂ ವನ್ಯಜೀವಿಗೂ ಏನು ಸಂಬಂಧ ಎಂದು ಕೇಳುವವರಿಗೆ ನಮ್ಮ ಜಿಲ್ಲೆಯನ್ನೇ ತೋರಿಸಬೇಕಾಗುತ್ತದೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಕಾಡಿನಲ್ಲಲ್ಲ, ಊರ ನಡುವಿನ ಹುಣಸೆಮರಗಳ ಮೇಲೆ. ಅವುಗಳ ಗದ್ದಲವನ್ನೂ ಹಿಕ್ಕೆಯನ್ನೂ ಸಹಿಸಿಕೊಂಡು ಊರವರು ಅವನ್ನು ಕಾಪಾಡಿಕೊಂಡು ಬಂದಿದ್ದಾರೆ. ನಮ್ಮ ತಾಲ್ಲೂಕಿನ ನಾಗವಲ್ಲಿಯ ಸುತ್ತಮುತ್ತ ತೋಟದಂಚಿನ ಮರಗಳಲ್ಲಿ ಕಾಡುಪಾಪಗಳು ಇಂದಿಗೂ ಉಳಿದಿವೆ. ನೆಗೆಯಲು ಬಾರದ ಆ ಪುಟ್ಟ ಪ್ರಾಣಿ ಒಂದು ಮರದ ರೆಂಬೆಯಿಂದ ಇನ್ನೊಂದರ ರೆಂಬೆಯನ್ನು ಹಿಡಿದುಕೊಂಡೇ ಸಾಗಬೇಕಾದ್ದರಿಂದ, ಬೇಲಿಸಾಲಿನ ನಾಲ್ಕು ಮರ ಕಡಿದರೆ ಅದರ ದಾರಿಯೇ ಮುಗಿದುಹೋಗುತ್ತದೆ. ಜಯಮಂಗಲಿ, ಶಿಂಷಾ ನದಿಗಳು ಹುಟ್ಟುವ ದೇವರಾಯನದುರ್ಗದ ಕಾಡು ನಮ್ಮ ಉದ್ಯಾನದಿಂದ ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಹಕ್ಕಿಗೆ ಅದು ದೂರವೇ ಅಲ್ಲ. ಚಳಿಗಾಲದಲ್ಲಿ ನಮ್ಮ ಅತ್ತಿಮರಕ್ಕೆ ಉದ್ದ ಬಾಲದ ರಾಜಹಕ್ಕಿ ಬರುತ್ತದೆ, ಕಾಲುವೆಯ ಅಂಚಿನಲ್ಲಿ ಹಿಮಾಲಯದ ಕಡೆಯಿಂದ ಬಂದ ಬೂದು ಸಿಪಿಲೆ ಬಾಲ ಕುಣಿಸುತ್ತ ಓಡಾಡುತ್ತದೆ. ಊರಿನೊಳಗೆ ಅಲ್ಲಲ್ಲಿ ಇಂಥ ಮೂಲೆಗಳು ಉಳಿದರೆ ಮಾತ್ರ ಅವು ಅಮಾನಿಕೆರೆಯ ದಂಡೆಯವರೆಗೆ, ವಿಶ್ವವಿದ್ಯಾಲಯದ ಆವರಣದವರೆಗೆ ಇಳಿಯುತ್ತ, ತಂಗುತ್ತ ಬರಲು ಸಾಧ್ಯ.

2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದಂದಿನಿಂದ ರಸ್ತೆ, ಉದ್ಯಾನ, ಕೆರೆಯಂಗಳಗಳ ಕೆಲಸಗಳು ನಡೆದಿವೆ. ಮುಂದೆಯೂ ನಡೆಯಲಿ. ನನ್ನ ಬೇಡಿಕೆ ಇಷ್ಟು: ನಗರದ ಪ್ರತಿಯೊಂದು ಸಾರ್ವಜನಿಕ ಉದ್ಯಾನದಲ್ಲಿ ಕನಿಷ್ಠ ನಾಲ್ಕನೇ ಒಂದು ಪಾಲನ್ನು ಗುಡಿಸದೆ, ಸವರದೆ, ದೀಪ ಹಾಕದೆ ಬಿಡಬೇಕು. ಹೊಸದಾಗಿ ನೆಡುವುದಿದ್ದರೆ ಅತ್ತಿ, ಬಸರಿ, ಗೋಣಿ, ನೇರಳೆ, ಮುತ್ತುಗ, ಬೂರುಗಗಳನ್ನು ನೆಡಬೇಕು. ಗುಡಿಸಿದ ಎಲೆಯನ್ನು ಸುಡದೆ ಉದ್ಯಾನದೊಳಗೇ ಗುಂಡಿ ತೆಗೆದು ಗೊಬ್ಬರವಾಗಿಸಬೇಕು. 2002ರ ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಿ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಉದ್ಯಾನದ ಯಾವುದೇ ಕಾಮಗಾರಿಯ ನಕ್ಷೆ ಬರೆಯುವ ಮುನ್ನ ಆ ಸಮಿತಿಯನ್ನು ಕೇಳುವ, ಆಯಾ ಉದ್ಯಾನದಲ್ಲಿ ಏನೇನಿದೆಯೆಂದು ಒಂದು ವರ್ಷ ನೋಡಿ ಬರೆದಿಡುವ ಪದ್ಧತಿ ಬರಬೇಕು. ಇದಕ್ಕೆ ದೊಡ್ಡ ತಜ್ಞರನ್ನು ಬೆಂಗಳೂರಿನಿಂದ ಕರೆಸಬೇಕಾಗಿಲ್ಲ. ನಮ್ಮ ಉದ್ಯಾನದ ಮಾಲಿಗೆ ಯಾವ ಮರದಲ್ಲಿ ಯಾವ ಹಕ್ಕಿ ಯಾವಾಗ ಮೊಟ್ಟೆಯಿಡುತ್ತದೆಂಬುದು ನನಗಿಂತ ಚೆನ್ನಾಗಿ ಗೊತ್ತು. ಹುಂಡುಕೋಳಿ ಕಾಲುವೆಯ ಜೊಂಡಿನಲ್ಲಿ ಮರಿಮಾಡಿದ್ದನ್ನು ನನಗೆ ಮೊದಲು ತೋರಿಸಿದವರು ಅವರೇ. ನಕ್ಷೆ ಬರೆದವರು ಅವರನ್ನು ಒಂದು ಮಾತು ಕೇಳಿದ್ದಂತೆ ಕಾಣಲಿಲ್ಲ.

ಈ ಪತ್ರ ಬರೆಯುತ್ತಿರುವ ಜನವರಿಯ ಈ ವಾರದಲ್ಲಿ, ಆ ಮೂಲೆಯ ಬೇವಿನ ಮರದ ಒಣಗಿದ ಒಂದು ಕೊಂಬೆಯ ತಳದಲ್ಲಿ ಕಂಚುಗಾರ ಹಕ್ಕಿ ಮತ್ತೆ ಕೊರೆಯಲು ಆರಂಭಿಸಿದೆ. ಹೋದ ವರ್ಷದ್ದೇ ಜೋಡಿಯೋ ಬೇರೆಯೋ ಹೇಳಲಾರೆ. ಇಂದು ಬೆಳಿಗ್ಗೆ ರಂಧ್ರ ಅದರ ತಲೆ ಮುಳುಗುವಷ್ಟು ಆಳವಾಗಿತ್ತು. ಆ ಕೊಂಬೆ ದಾರಿಯಿಂದ ಇಪ್ಪತ್ತು ಅಡಿ ಒಳಗಿದೆ, ಅದರ ಕೆಳಗೆ ಯಾರೂ ಓಡಾಡುವುದಿಲ್ಲ. ಮೊಟ್ಟೆಯಿಟ್ಟು, ಮರಿಯಾಗಿ, ಮರಿ ಹಾರಲು ಒಂದೂವರೆ ತಿಂಗಳಿಗೂ ಮಿಕ್ಕಿ ಬೇಕು. ಯುಗಾದಿಯ ಮುನ್ನ ಬರುವ ತಂಡಕ್ಕೆ ಕೆಲಸದ ಆದೇಶ ಕೊಡುವ ಅಧಿಕಾರಿಗಳು ಒಂದು ಬೆಳಿಗ್ಗೆ ಆರು ಗಂಟೆಗೆ ಬಂದರೆ, ಆ ಮರವನ್ನೂ ಆ ಹಕ್ಕಿಯನ್ನೂ ನಾನೇ ತೋರಿಸುತ್ತೇನೆ. ನಾನು ದಿನವೂ ಅಲ್ಲಿಯೇ ಇರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಶಿಕ್ಷಕ,
ತುಮಕೂರು